ವಿದ್ಯುತ್ತಿಗಾಗಿ ಕಾದ ಎಂಜಿನ್

ಟೆಂಟ್ ಸಿನಿಮಾಗಳ ಕಾಲದಲ್ಲಿ ಚಿತ್ರ ನೋಡಿದವರಿಗೆ ಒಂದು ಸಂಗತಿ ನೆನಪಿರುತ್ತದೆ. ಕಥೆ ಬಿರುಸಾಗಿ ಸಾಗುತ್ತಿದ್ದಾಗಲೇ ತೆರೆಯ ಮೇಲಿನ ಬೆಳಕು ಮೆಲ್ಲಗೆ ಮಂಕಾಗತೊಡಗುತ್ತಿತ್ತು. ನೆಲದ ಮೇಲೆ ಕುಳಿತವರು ಸಿಳ್ಳೆ ಹಾಕುತ್ತಿದ್ದರು. ಆಪರೇಟರು ಪ್ರೊಜೆಕ್ಟರಿನ ಹಿಂಬದಿಯ ತಿರುಗಣಿಯನ್ನು ಕೊಂಚ ತಿರುಗಿಸಿದೊಡನೆ ಬೆಳಕು ಮತ್ತೆ ಪ್ರಖರವಾಗುತ್ತಿತ್ತು. ಆ ಯಂತ್ರದೊಳಗೆ ಎರಡು ಕಾರ್ಬನ್ ಕಡ್ಡಿಗಳು ಎದುರುಬದುರಾಗಿ ಇರುತ್ತಿದ್ದವು. ಅವುಗಳ ತುದಿಗಳ ನಡುವೆ ವಿದ್ಯುತ್ತು ಗಾಳಿಯನ್ನೇ ದಾರಿ ಮಾಡಿಕೊಂಡು ಹರಿಯುವಾಗ ಹುಟ್ಟುತ್ತಿದ್ದುದೇ ಆ ಬೆಳಕು. ಕಡ್ಡಿಗಳು ಉರಿದು ಸವೆದಂತೆ ಅಂತರ ಹೆಚ್ಚುತ್ತಿತ್ತು. ಅವನ್ನು ಆಗಾಗ ಮುಂದಕ್ಕೆ ಸರಿಸುವುದು ಆಪರೇಟರನ ಕೆಲಸ.

ಈ ಬೆಂಕಿಯ ಹೆಸರು ವಿದ್ಯುತ್ ಚಾಪ, ಇಂಗ್ಲಿಷಿನ ಆರ್ಕ್. ವೆಲ್ಡಿಂಗ್ ಅಂಗಡಿಯ ಮುಂದೆ ಕಣ್ಣು ಕೋರೈಸುವುದೂ ಇದೇ. ಇದೇ ಆರ್ಕನ್ನು ಗಗನನೌಕೆಯ ಎಂಜಿನ್ನಿನೊಳಗೆ ಹೊತ್ತಿಸಿ, ಅದರ ಶಾಖದಿಂದ ನೌಕೆಯನ್ನು ತಳ್ಳಬಹುದೆಂಬ ಆಲೋಚನೆಯ ಬೇರು ಸುಮಾರು ಒಂದು ಶತಮಾನದಷ್ಟು ಹಳೆಯದು. ಅದು ಕೈಗೂಡಿದ್ದು ಮಾತ್ರ 1993ರಲ್ಲಿ. ನಡುವಿನ ಅವಧಿಯಲ್ಲಿ ಈ ಎಂಜಿನ್ನನ್ನು ಒಮ್ಮೆಯಲ್ಲ, ಹಲವು ಬಾರಿ ಕೈಗೆತ್ತಿಕೊಂಡು ಕೈಬಿಡಲಾಯಿತು. ಹೆಚ್ಚಿನ ಸಲ ಕಾರಣ ಎಂಜಿನ್ನಿನ ದೋಷವಾಗಿರಲಿಲ್ಲ. ಆಕಾಶದಲ್ಲಿ ಅದಕ್ಕೆ ಬೇಕಾದಷ್ಟು ವಿದ್ಯುತ್ತು ಇರಲಿಲ್ಲ, ಅಷ್ಟೆ.

ಆರ್ಕನ್ನು ಮೊದಲು ಬಲ್ಲವರು ಹತ್ತೊಂಬತ್ತನೆಯ ಶತಮಾನದ ಆರಂಭದ ವಿಜ್ಞಾನಿಗಳು. ರಷ್ಯದಲ್ಲಿ ವಸಿಲಿ ಪೆತ್ರೋವ್ 1802ರಲ್ಲಿ ಇದನ್ನು ಗಮನಿಸಿದ್ದ. ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ಹಂಫ್ರಿ ಡೇವಿ ಬೃಹತ್ ಬ್ಯಾಟರಿಯೊಂದನ್ನು ಕಟ್ಟಿ ಜನರೆದುರು ತೋರಿಸಿದ. ಅಡ್ಡವಾಗಿಟ್ಟ ಎರಡು ಇದ್ದಿಲು ತುಂಡುಗಳ ನಡುವೆ ಹೊತ್ತಿದ ಜ್ವಾಲೆ, ಬಿಸಿಗಾಳಿ ಮೇಲೇರುವುದರಿಂದ ಬಿಲ್ಲಿನಂತೆ ಬಾಗಿ ನಿಂತಿತು. ಚಾಪವೆಂಬ ಹೆಸರು ಬಂದದ್ದು ಹಾಗೆ.

ರಾಕೆಟ್ ತಜ್ಞರಿಗೆ ಆರ್ಕ್ ಏಕೆ ಬೇಕಾಯಿತು? ರಾಕೆಟ್ ಮುಂದೆ ಸಾಗುವುದು ಅನಿಲವನ್ನು ಹಿಂದಕ್ಕೆ ಎಸೆಯುವುದರಿಂದ. ಎಸೆತದ ವೇಗ ಹೆಚ್ಚಿದಷ್ಟೂ ಅದೇ ಕೆಲಸಕ್ಕೆ ಬೇಕಾಗುವ ಇಂಧನ ಕಡಿಮೆ. ಸಾಮಾನ್ಯ ರಾಕೆಟ್ಟಿನಲ್ಲಿ ಈ ವೇಗವನ್ನು ಕೊಡುವುದು ಇಂಧನದೊಳಗೇ ಅಡಗಿರುವ ರಾಸಾಯನಿಕ ಶಕ್ತಿ. ಅದಕ್ಕೆ ಪ್ರಕೃತಿಯೇ ಹಾಕಿದ ಮಿತಿಯಿದೆ. ದ್ರವ ಜಲಜನಕವನ್ನು ದ್ರವ ಆಮ್ಲಜನಕದಲ್ಲಿ ಉರಿಸಿದರೂ ಸೆಕೆಂಡಿಗೆ ಸುಮಾರು ನಾಲ್ಕೂವರೆ ಕಿಲೋಮೀಟರ್ ವೇಗ ದಕ್ಕುತ್ತದೆ, ಅದಕ್ಕಿಂತ ಬಹಳ ಮುಂದೆ ಹೋಗುವಂತಿಲ್ಲ. ಶಕ್ತಿಯನ್ನು ಇಂಧನದಿಂದ ಪಡೆಯುವ ಬದಲು ಬೇರೆಡೆಯಿಂದ, ಅಂದರೆ ವಿದ್ಯುತ್ತಿನಿಂದ ತಂದು ಅನಿಲಕ್ಕೆ ತುಂಬಿದರೆ ಈ ಮಿತಿ ಇಲ್ಲ.

ವಿದ್ಯುತ್ತಿನಿಂದ ಅನಿಲವನ್ನು ಕಾಯಿಸಲು ಸುಲಭದ ಉಪಾಯ ಮನೆಯ ಇಮ್ಮರ್ಷನ್ ಹೀಟರಿನದು: ಲೋಹದ ಸುರುಳಿಯನ್ನು ಕೆಂಪಗೆ ಕಾಯಿಸಿ ಅನಿಲವನ್ನು ಅದರ ಮೇಲೆ ಹಾಯಿಸುವುದು. ಆದರೆ ಸುರುಳಿ ತಾನು ಕರಗದಷ್ಟು ಮಾತ್ರ ಕಾಯಬಲ್ಲದು. ಲೋಹಗಳಲ್ಲೇ ಗಟ್ಟಿಗನಾದ ಟಂಗ್‌ಸ್ಟನ್ ಕೂಡ 3,400 ಡಿಗ್ರಿ ಸೆಲ್ಸಿಯಸ್ ದಾಟಿದರೆ ನೀರಾಗುತ್ತದೆ. ಆರ್ಕಿನಲ್ಲಿ ವಿದ್ಯುತ್ತು ಅನಿಲದ ಒಳಗೇ ಹರಿದು ಅನಿಲವನ್ನೇ ಕಾಯಿಸುತ್ತದೆ. ಅದರ ನಡುಭಾಗ ಹತ್ತು ಸಾವಿರ ಡಿಗ್ರಿಯನ್ನು ಮೀರುತ್ತದೆ. ಸೂರ್ಯನ ಮೇಲ್ಮೈಯ ಉಷ್ಣತೆ ಸುಮಾರು 5,500 ಡಿಗ್ರಿ ಎಂಬುದನ್ನು ನೆನೆದರೆ ಇದರ ಉಗ್ರತೆ ಅರ್ಥವಾದೀತು.

ಲೋಹ ಕರಗುವ ಉಷ್ಣತೆಗಿಂತ ಮೂರು ಪಟ್ಟು ಬಿಸಿಯಾದ ಬೆಂಕಿಯನ್ನು ಲೋಹದ ಪಾತ್ರೆಯಲ್ಲೇ ಇಡುವುದು ಹೇಗೆ? ಇಲ್ಲಿಯ ಯುಕ್ತಿ ಸರಳವೂ ಹೌದು, ಸೊಗಸಾದದ್ದೂ ಹೌದು. ಎಂಜಿನ್ನಿನ ನಡುವೆ ಟಂಗ್‌ಸ್ಟನ್ನಿನ ಚೂಪಾದ ಸರಳು, ಅದೇ ಋಣಾಗ್ರ. ಅದರ ಮುಂದೆ ಕಿರಿದಾದ ಗಂಟಲು, ಗಂಟಲಿನಾಚೆ ಅಗಲವಾಗುವ ಮೂತಿ. ಮೂತಿಯೇ ಧನಾಗ್ರ. ಅನಿಲವನ್ನು ನೇರವಾಗಿ ಬಿಡದೆ ಓರೆಯಾಗಿ ನುಗ್ಗಿಸಲಾಗುತ್ತದೆ. ಅದು ಹೊಳೆಯ ಸುಳಿಯಂತೆ ಗಿರಗಿರನೆ ಸುತ್ತುತ್ತ ಸಾಗುತ್ತದೆ. ಸುಳಿಯ ನಡುವೆ ದಾರದಂಥ ಆರ್ಕ್, ಅದರ ಸುತ್ತ ತಣ್ಣನೆಯ ಅನಿಲದ ಹೊದಿಕೆ. ಗೋಡೆಗೆ ತಾಗುವುದು ಈ ಹೊದಿಕೆ ಮಾತ್ರ. ಸಣ್ಣ ಎಂಜಿನ್ನುಗಳಲ್ಲಿ ಈ ಗಂಟಲಿನ ಅಗಲ ಒಂದು ಮಿಲಿಮೀಟರಿಗಿಂತಲೂ ಕಡಿಮೆ.

ವಿದ್ಯುತ್ ರಾಕೆಟ್ಟಿನ ಕನಸು ಕಂಡವರು ಹಲವರು. ಅಮೆರಿಕದ ರಾಬರ್ಟ್ ಗೊಡಾರ್ಡ್ 1906ರಷ್ಟು ಹಿಂದೆಯೇ ತನ್ನ ಟಿಪ್ಪಣಿ ಪುಸ್ತಕದಲ್ಲಿ ಇದನ್ನು ಬರೆದಿಟ್ಟಿದ್ದ. ರಷ್ಯದ ತ್ಸಿಯೊಲ್ಕೋವ್‌ಸ್ಕಿ 1911ರಲ್ಲಿ ಇದರ ಪ್ರಸ್ತಾಪ ಮಾಡಿದ. ಅನಿಲವನ್ನು ವಿದ್ಯುತ್ತಿನಿಂದ ಕಾಯಿಸಿ ತಳ್ಳುವ ಎಂಜಿನ್ನನ್ನು ನಿಜಕ್ಕೂ ಕಟ್ಟಲು ಹೊರಟವನು ವಲೆಂತಿನ್ ಗ್ಲುಷ್ಕೊ. 1929ರಲ್ಲಿ ಲೆನಿನ್‌ಗ್ರಾಡಿನ ಅನಿಲ ಚಲನ ಪ್ರಯೋಗಾಲಯ ಸೇರಿದಾಗ ಅವನಿಗೆ ಇಪ್ಪತ್ತು ವರ್ಷ. ತೆಳ್ಳಗಿನ ತಂತಿಗಳ ಮೂಲಕ ಒಮ್ಮೆಲೇ ಭಾರೀ ವಿದ್ಯುತ್ ಪ್ರವಾಹ ಹರಿಸಿ, ಅವು ಸಿಡಿದು ಆವಿಯಾಗುವಂತೆ ಮಾಡಿ, ಆ ಆವಿಯನ್ನು ಮೂತಿಯಿಂದ ಹೊರಚಿಮ್ಮಿಸುವುದು ಅವನ ವಿಧಾನ. ಎಂಜಿನ್ ನಡೆಯುತ್ತಿತ್ತು. ಆದರೆ ಅದಕ್ಕೆ ವಿದ್ಯುತ್ತು ಒದಗಿಸುವ ಸಲಕರಣೆ ಕೋಣೆಯಲ್ಲಿ ಕೂರುವಂಥದು, ರಾಕೆಟ್ಟಿನ ಮೇಲೇರುವಂಥದಲ್ಲ. ಮೊದಲು ಭೂಮಿಯನ್ನು ಬಿಟ್ಟು ಏಳಬೇಕು, ಅದಕ್ಕೆ ಬೇಕಾದ್ದು ದ್ರವ ಇಂಧನದ ಎಂಜಿನ್ ಎಂದು ಮನಗಂಡ ಗ್ಲುಷ್ಕೊ ಆ ಕಡೆ ಹೊರಳಿದ. ಮುಂದೆ ಸ್ಪುಟ್ನಿಕ್ಕನ್ನೂ ಯೂರಿ ಗಗಾರಿನ್ನನನ್ನೂ ಮೇಲಕ್ಕೊಯ್ದ ರಾಕೆಟ್ಟಿನ ಎಂಜಿನ್ನುಗಳು ಅವನವೇ. ಒಂದು ದೃಷ್ಟಿಯಲ್ಲಿ, ಆರ್ಕ್ ಎಂಜಿನ್ನಿನ ಬಳಗದ ಮೊದಲ ಸೋಲು ಗಗನಯಾನಕ್ಕೆ ಲಾಭವಾಗಿಯೇ ಪರಿಣಮಿಸಿತೆನ್ನಬೇಕು.

ಆರ್ಕಿನ ಕಥೆ ಮಾತ್ರ ಬೇರೊಂದು ದಾರಿಯಲ್ಲಿ ಮುಂದುವರಿದಿತ್ತು. ಜರ್ಮನಿಯ ಸೀಮನ್ಸ್ ಸಂಸ್ಥೆಯ ಹಾನ್ಸ್ ಗೆರ್ಡಿಯನ್ 1922ರಲ್ಲಿ ನೀರಿನ ಸುಳಿಯೊಳಗೆ ಆರ್ಕನ್ನು ಬಂಧಿಸಿದ. ಸುತ್ತಲಿನ ತಂಪು ಒತ್ತಿದಷ್ಟೂ ಆರ್ಕ್ ಸಪೂರವಾಗುತ್ತದೆ, ಸಪೂರವಾದಷ್ಟೂ ಇನ್ನಷ್ಟು ಬಿಸಿಯಾಗುತ್ತದೆ ಎಂಬುದು ಇಂಥ ಪ್ರಯೋಗಗಳಿಂದ ಸ್ಪಷ್ಟವಾಯಿತು. ಎರಡನೆಯ ಮಹಾಯುದ್ಧದ ನಂತರ ಇದೇ ವಿದ್ಯೆಗೆ ಹೊಸ ಗಿರಾಕಿಗಳು ಬಂದರು. ಖಂಡಾಂತರ ಕ್ಷಿಪಣಿಯ ಸಿಡಿತಲೆ ವಾತಾವರಣಕ್ಕೆ ಮರಳಿ ನುಗ್ಗುವಾಗ ಎದುರಿಸುವ ಉರಿಯನ್ನು ನೆಲದ ಮೇಲೆಯೇ ಸೃಷ್ಟಿಸಿ ನೋಡಬೇಕಾಗಿತ್ತು. ಆರ್ಕಿನಿಂದ ಕಾದ ಅನಿಲದ ಚಿಲುಮೆಯಲ್ಲಿ ಆ ಉರಿ ಸಿಕ್ಕಿತು. ಇಷ್ಟು ಬಿರುಸಾಗಿ ಚಿಮ್ಮುವ ಅನಿಲ ತನ್ನ ಹಿಂದಿರುವುದನ್ನು ತಳ್ಳಲೇಬೇಕಲ್ಲವೇ ಎಂಬ ಪ್ರಶ್ನೆ ಏಳಲು ತಡವಾಗಲಿಲ್ಲ.

1957ರಲ್ಲಿ ಸ್ಪುಟ್ನಿಕ್ ಹಾರಿದ ಮೇಲೆ ಅಮೆರಿಕ ಈ ಪ್ರಶ್ನೆಯನ್ನು ಹಣದೊಂದಿಗೆ ಕೇಳಿತು. ಕ್ಯಾಲಿಫೋರ್ನಿಯದ ಪ್ಲಾಸ್ಮಡೈನ್, ಮ್ಯಾಸಚೂಸೆಟ್ಸಿನ ಆವ್ಕೊ ಮೊದಲಾದ ಕಂಪನಿಗಳು ಆರ್ಕ್‌ಜೆಟ್ ಕಟ್ಟತೊಡಗಿದವು. ಮಂಗಳಗ್ರಹದ ಯಾನವೇ ಮುಂದಿನ ಹೆಜ್ಜೆ ಎಂದು ನಂಬಿದ್ದ ದಿನಗಳವು. ಎಂಜಿನ್ನುಗಳ ಅಳತೆಯೂ ಅದಕ್ಕೆ ತಕ್ಕಂತೆ 30 ಕಿಲೋವ್ಯಾಟ್. ಈ ಅಂಕಿ ಎಲ್ಲಿಂದ ಬಂತು? ನಾಸಾ ಮತ್ತು ಅಮೆರಿಕದ ಪರಮಾಣು ಶಕ್ತಿ ಆಯೋಗ ಜೊತೆಗೂಡಿ ‘ಸ್ನ್ಯಾಪ್-8’ ಎಂಬ ಅಂತರಿಕ್ಷ ರಿಯಾಕ್ಟರನ್ನು ರೂಪಿಸುತ್ತಿದ್ದವು. ಅದು ಕೊಡಲಿದ್ದ ವಿದ್ಯುತ್ತು ಸುಮಾರು ಅಷ್ಟು. ಇನ್ನೂ ಹುಟ್ಟದ ರಿಯಾಕ್ಟರಿಗೆ ಎಂಜಿನ್ನುಗಳು ಸಿದ್ಧವಾಗುತ್ತಿದ್ದವು, ಕೂಸು ಹುಟ್ಟುವ ಮೊದಲೇ ಕುಲಾವಿ ಹೊಲಿದಂತೆ.

ಕುಲಾವಿಯನ್ನೇನೋ ಅವರು ಚೆನ್ನಾಗಿಯೇ ಹೊಲಿದರು. ಆವ್ಕೊ ಕಂಪನಿಯ 30 ಕಿಲೋವ್ಯಾಟಿನ ಜಲಜನಕ ಎಂಜಿನ್ 720 ಗಂಟೆ, ಎಂದರೆ ಒಂದು ತಿಂಗಳ ಕಾಲ ಉರಿಯಿತು. ಅನಿಲದ ವೇಗ ಸೆಕೆಂಡಿಗೆ ಸುಮಾರು ಹತ್ತು ಕಿಲೋಮೀಟರ್, ರಾಸಾಯನಿಕ ರಾಕೆಟ್ಟಿನ ಎರಡರಷ್ಟು. ರಿಯಾಕ್ಟರ್ ಮಾತ್ರ ಬರಲಿಲ್ಲ. 1965ರ ಏಪ್ರಿಲ್‌ನಲ್ಲಿ ಅಮೆರಿಕ ಹಾರಿಸಿದ್ದು ಅದರ ಪುಟ್ಟ ತಮ್ಮ ಸ್ನ್ಯಾಪ್-10ಎ. ಅದರ ಉತ್ಪಾದನೆ ಅರ್ಧ ಕಿಲೋವ್ಯಾಟಿನ ಆಸುಪಾಸು. ಅದೂ 43 ದಿನ ನಡೆದು ನಿಂತಿತು. ನೌಕೆಯ ವಿದ್ಯುತ್ ನಿಯಂತ್ರಕವೊಂದು ಕೆಟ್ಟದ್ದು ಅದಕ್ಕೆ ಕಾರಣ. ಸ್ನ್ಯಾಪ್-8 ಎಂದೂ ಹಾರಲಿಲ್ಲ. ಅದರ ಆಸರೆಯಲ್ಲಿದ್ದ ಆರ್ಕ್‌ಜೆಟ್ ಸಂಶೋಧನೆ ಅರವತ್ತರ ದಶಕದ ನಡುವಿಗೇ ಬತ್ತಿಹೋಯಿತು.

ಬತ್ತುವ ಮುನ್ನ ನಡೆದ ಒಂದು ಆಕಸ್ಮಿಕವನ್ನು ಇಲ್ಲಿ ಹೇಳಲೇಬೇಕು. ಏಡ್ರಿಯಾನೊ ಡುಕಾಟಿ ಮತ್ತವನ ಸಂಗಡಿಗರು 1964ರ ಸುಮಾರಿಗೆ ಆರ್ಕ್‌ಜೆಟ್ ಒಂದರ ಅನಿಲದ ಹರಿವನ್ನು ತೀರ ಕಡಿಮೆ ಮಾಡಿ ನೋಡಿದರು. ತಂಪು ಹೊದಿಕೆಯಿಲ್ಲದೆ ಎಂಜಿನ್ ಸುಟ್ಟುಹೋಗುವುದೆಂದೇ ಯಾರಾದರೂ ಹೇಳುತ್ತಿದ್ದರು. ಆದದ್ದು ಬೇರೆ. ಹೊರಬರುವ ಅನಿಲದ ವೇಗ ಹಲವು ಪಟ್ಟು ಏರಿತು, ವಿದ್ಯುದಗ್ರಗಳು ಉಳಿದವು. ಆರ್ಕಿನ ಪ್ರವಾಹ ತನ್ನ ಸುತ್ತ ತಾನೇ ಹುಟ್ಟಿಸಿಕೊಂಡ ಕಾಂತಕ್ಷೇತ್ರ ಅನಿಲವನ್ನು ಹೊರಕ್ಕೆ ನೂಕುತ್ತಿತ್ತು. ಶಾಖದ ಎಂಜಿನ್ ಹೀಗೆ ಕಾಂತಬಲದ ಎಂಜಿನ್ನಾಯಿತು. ಜಪಾನ್ 1995ರಲ್ಲಿ ಹಾರಿಸಿದ ‘ಸ್ಪೇಸ್ ಫ್ಲೈಯರ್ ಯೂನಿಟ್’ ಎಂಬ ನೌಕೆಯಲ್ಲಿ ಈ ಬಗೆಯ ಎಂಜಿನ್ನಿನ ಪ್ರಯೋಗ ನಡೆಯಿತು. ಅದಕ್ಕೆ ಬೇಕಾಗುವ ವಿದ್ಯುತ್ತು ಆರ್ಕ್‌ಜೆಟ್ಟಿಗಿಂತಲೂ ಬಹಳ ಹೆಚ್ಚು. ಹಾಗಾಗಿ ಅದೂ ಕಾಯುತ್ತಲೇ ಇದೆ.

ಆರ್ಕ್‌ಜೆಟ್ಟಿಗೆ ಮರುಜನ್ಮ ಕೊಟ್ಟದ್ದು ಮಂಗಳಯಾನವಲ್ಲ, ಟಿ.ವಿ. ಪ್ರಸಾರ. ಭೂಮಧ್ಯರೇಖೆಯ ಮೇಲೆ 36,000 ಕಿಲೋಮೀಟರ್ ಎತ್ತರದಲ್ಲಿರುವ ಭೂಸ್ಥಿರ ಉಪಗ್ರಹ ನಿಂತಲ್ಲೇ ನಿಂತಿದೆ ಎಂದು ನಾವು ಭಾವಿಸುತ್ತೇವೆ. ವಾಸ್ತವದಲ್ಲಿ ಸೂರ್ಯ, ಚಂದ್ರರ ಸೆಳೆತದಿಂದ ಅದರ ಕಕ್ಷೆ ವರ್ಷಕ್ಕೆ ಒಂದು ಡಿಗ್ರಿಗಿಂತ ತುಸು ಕಡಿಮೆ ವಾಲುತ್ತದೆ. ಸರಿಪಡಿಸದಿದ್ದರೆ ಉಪಗ್ರಹ ದಿನವೂ ಉತ್ತರ ದಕ್ಷಿಣವಾಗಿ ತೂಗಾಡತೊಡಗುತ್ತದೆ, ಕದಲದೆ ನಿಂತ ಡಿಷ್ ಆಂಟೆನಾಗಳ ನೋಟದಿಂದ ಜಾರುತ್ತದೆ. ನಮ್ಮ ಇನ್ಸಾಟ್ ಉಪಗ್ರಹಗಳನ್ನು ಹೀಗೆ ಅಂಕೆಯಲ್ಲಿಡುವ ಕೆಲಸ ಹಾಸನದ ಮುಖ್ಯ ನಿಯಂತ್ರಣ ಕೇಂದ್ರದಲ್ಲಿ 1982ರಿಂದ ನಡೆದುಬಂದಿದೆ. ಒಳಗಿನ ಯಂತ್ರಗಳೆಲ್ಲ ಸುಸ್ಥಿತಿಯಲ್ಲಿದ್ದರೂ ಇಂಧನ ಮುಗಿದ ದಿನ ಉಪಗ್ರಹದ ಆಯುಷ್ಯ ಮುಗಿದಂತೆ.

ಈ ತಿದ್ದುಪಡಿಗೆ ವರ್ಷಕ್ಕೆ ಬೇಕಾದ ವೇಗಬದಲಾವಣೆ ಸೆಕೆಂಡಿಗೆ ಸುಮಾರು 50 ಮೀಟರ್. ಎರಡು ಟನ್ನಿನ ಉಪಗ್ರಹ ಹತ್ತು ವರ್ಷ ಬಾಳಬೇಕಾದರೆ, ಸೆಕೆಂಡಿಗೆ ಮೂರು ಕಿಲೋಮೀಟರ್ ವೇಗದಲ್ಲಿ ಅನಿಲ ಎಸೆಯುವ ಎಂಜಿನ್ನಿಗೆ ಮುನ್ನೂರು ಕಿಲೋಗ್ರಾಮಿಗೂ ಮಿಕ್ಕಿ ಇಂಧನ ಬೇಕು. ವೇಗ ಐದು ಕಿಲೋಮೀಟರಾದರೆ ಇನ್ನೂರಕ್ಕಿಂತ ಕಡಿಮೆ ಸಾಕು. ಉಳಿದ ನೂರಿಪ್ಪತ್ತರಷ್ಟು ಕಿಲೋಗ್ರಾಮಿನಲ್ಲಿ ಇನ್ನಷ್ಟು ಪ್ರಸಾರ ಯಂತ್ರಗಳನ್ನು ತುಂಬಬಹುದು, ಇಲ್ಲವೇ ಚಿಕ್ಕ ರಾಕೆಟ್ಟನ್ನು ಕೊಳ್ಳಬಹುದು. ಉಪಗ್ರಹದ ಯಜಮಾನರಿಗೆ ಈ ಲೆಕ್ಕ ಯಾವ ಭೌತಶಾಸ್ತ್ರಕ್ಕಿಂತಲೂ ಬೇಗ ಅರ್ಥವಾಯಿತು. ಅಷ್ಟರಲ್ಲಿ ಉಪಗ್ರಹಗಳ ಸೌರಫಲಕಗಳೂ ದೊಡ್ಡವಾಗಿದ್ದವು. ಒಂದೆರಡು ಕಿಲೋವ್ಯಾಟ್ ಬಿಟ್ಟುಕೊಡುವುದು ಅವಕ್ಕೆ ಭಾರವಾಗಿರಲಿಲ್ಲ.

ಎಂಬತ್ತರ ದಶಕದಲ್ಲಿ ಕ್ಲೀವ್‌ಲೆಂಡಿನಲ್ಲಿರುವ ನಾಸಾದ ಲೂಯಿಸ್ ಸಂಶೋಧನಾ ಕೇಂದ್ರ (1999ರಿಂದ ಅದರ ಹೆಸರು ಗ್ಲೆನ್ ಕೇಂದ್ರ) ಇಪ್ಪತ್ತು ವರ್ಷದ ಹಳೆಯ ವರದಿಗಳ ಧೂಳು ಕೊಡವಿತು. ಇಂಧನವಾಗಿ ಜಲಜನಕದ ಬದಲು ಹೈಡ್ರಜೀನ್ ಆಯ್ಕೆಯಾಯಿತು. ಗುಣದಲ್ಲಿ ಅದು ಜಲಜನಕಕ್ಕಿಂತ ಕೀಳು. ಆದರೆ ಉಪಗ್ರಹಗಳು ಹೇಗೂ ಅದನ್ನು ಹೊತ್ತೊಯ್ಯುತ್ತಿದ್ದವು, ಅದಕ್ಕೆ ಒಗ್ಗಿದ ತೊಟ್ಟಿ, ಕೊಳವೆ, ಕವಾಟಗಳು ಸಿದ್ಧವಿದ್ದವು. ಎಂಜಿನ್ನಿನ ಅಳತೆಯೂ 30 ಕಿಲೋವ್ಯಾಟಿನಿಂದ ಒಂದೆರಡು ಕಿಲೋವ್ಯಾಟಿಗೆ ಇಳಿಯಿತು. ಹಳಬರು ತಮ್ಮ ವಿದ್ಯುತ್ತಿನ ಮೂಲವನ್ನು ಕಲ್ಪಿಸಿಕೊಂಡು ಎಂಜಿನ್ ಕಟ್ಟಿದ್ದರು. ಇವರು ಇದ್ದ ವಿದ್ಯುತ್ತಿಗೆ ತಕ್ಕ ಎಂಜಿನ್ ಕಟ್ಟಿದರು. ಸಣ್ಣ ಮಾತಿನಂತೆ ತೋರಿದರೂ ಎಲ್ಲ ವ್ಯತ್ಯಾಸವಿರುವುದು ಇಲ್ಲಿಯೇ.

ಚಿಕ್ಕದು ಮಾಡಿದೊಡನೆ ತೊಡಕುಗಳು ಕಡಿಮೆಯಾಗಲಿಲ್ಲ. ಮೊದಲನೆಯದು ಆರ್ಕಿನ ವಿಚಿತ್ರ ಸ್ವಭಾವ. ತಂತಿಯಲ್ಲಿ ಪ್ರವಾಹ ಹೆಚ್ಚಬೇಕಾದರೆ ವೋಲ್ಟೇಜ್ ಹೆಚ್ಚಿಸಬೇಕು. ಆರ್ಕಿನಲ್ಲಿ ಪ್ರವಾಹ ಹೆಚ್ಚಿದಂತೆ ಅನಿಲ ಇನ್ನಷ್ಟು ಸಲೀಸಾಗಿ ದಾರಿ ಬಿಡುತ್ತದೆ, ವೋಲ್ಟೇಜ್ ಇಳಿಯುತ್ತದೆ. ಕಡಿವಾಣ ಹಾಕದಿದ್ದರೆ ಅದು ಓಡಿಹೋಗುತ್ತದೆ. ನಮ್ಮ ಹಳೆಯ ಟ್ಯೂಬ್‌ಲೈಟುಗಳಿಗೆ ಚೋಕ್ ಇರುತ್ತಿದ್ದುದು ಇದೇ ಕಾರಣಕ್ಕೆ. ಉಪಗ್ರಹದಲ್ಲಿ ಚೋಕಿನ ಕೆಲಸವನ್ನು ಚುರುಕಾದ ಇಲೆಕ್ಟ್ರಾನಿಕ್ ಪೆಟ್ಟಿಗೆಯೊಂದು ಮಾಡಬೇಕಾಯಿತು. ಎಂಜಿನ್ನಿಗಿಂತ ಅದರ ಪೆಟ್ಟಿಗೆಯೇ ಹೆಚ್ಚು ಭಾರ.

ಎರಡನೆಯದು ಹೊತ್ತಿಸುವ ಕ್ಷಣ. ಆರ್ಕ್ ಹುಟ್ಟುವುದು ಗಂಟಲಿನ ಹಿಂಬದಿಯಲ್ಲಿ. ಅನಿಲದ ರಭಸ ಅದನ್ನು ಗಂಟಲಿನಾಚೆಗೆ, ಮೂತಿಯ ಅಗಲವಾದ ಭಾಗಕ್ಕೆ ಊದಿ ಒಯ್ಯಬೇಕು. ಅಲ್ಲಿ ಅದು ಹರಡಿಕೊಂಡು ಕೂರುತ್ತದೆ, ಲೋಹಕ್ಕೆ ಅಪಾಯವಿಲ್ಲ. ಹಿಂಬದಿಯಲ್ಲೇ ಕ್ಷಣಕಾಲ ತಡೆದು ನಿಂತರೂ ಆ ಕೂದಲೆಳೆಯ ಗಂಟಲು ಕರಗಿ ಆಕಾರ ಕೆಡುತ್ತದೆ. ಲೂಯಿಸ್ ಕೇಂದ್ರದವರು ಕೆಲವು ಸಾವಿರ ವೋಲ್ಟಿನ ಮಿಂಚಿನಂಥ ಹೊಡೆತವೊಂದನ್ನು ಕೊಟ್ಟು ಕಿಡಿ ಎಬ್ಬಿಸಿ, ಪ್ರವಾಹವನ್ನು ತಕ್ಷಣ ಹದಕ್ಕೆ ತರುವ ವಿಧಾನವನ್ನು ಸಾಧಿಸಿದರು. ಹೊತ್ತಿಸುವುದು ಅಂದಿನಿಂದ ನಂಬಿಕೆಯ ಕೆಲಸವಾಯಿತು.

ಮೂರನೆಯದು ಟೆಂಟ್ ಸಿನಿಮಾದ ಆಪರೇಟರಿಗೆ ಚೆನ್ನಾಗಿ ಗೊತ್ತಿದ್ದ ಸವೆತ. ಉಪಗ್ರಹದಲ್ಲಿ ಕಡ್ಡಿಯನ್ನು ಮುಂದೆ ಸರಿಸುವವರಿಲ್ಲ. ಋಣಾಗ್ರಕ್ಕೆ ಥೋರಿಯಂ ಬೆರೆಸಿದ ಟಂಗ್‌ಸ್ಟನ್ ಬಳಸಿದರೂ ಆರ್ಕ್ ನಿಂತ ಚೂಪು ತುದಿ ಕರಗಿ ಪುಟ್ಟ ಬಟ್ಟಲಿನಂತೆ ಗುಳಿ ಬೀಳುತ್ತಿತ್ತು. ತುದಿ ಹಿಂದೆ ಸರಿದಂತೆ ಆರ್ಕ್ ಉದ್ದವಾಗುತ್ತ, ಅದಕ್ಕೆ ಬೇಕಾದ ವೋಲ್ಟೇಜ್ ಏರುತ್ತಿತ್ತು. ಈ ಸವೆತ ಕೊನೆಯಿಲ್ಲದೆ ಸಾಗುವುದೇ, ಒಂದು ಹಂತದಲ್ಲಿ ನಿಧಾನವಾಗುವುದೇ? ಉತ್ತರಕ್ಕೆ ಉರಿಸಿ ನೋಡುವುದೊಂದೇ ದಾರಿ. 1988ರಲ್ಲಿ ವರದಿಯಾದ ಪರೀಕ್ಷೆಯಲ್ಲಿ ಎಂಜಿನ್ನನ್ನು 500 ಬಾರಿ ಹೊತ್ತಿಸಿ ಆರಿಸಿ, ಒಟ್ಟು 1000 ಗಂಟೆ ಓಡಿಸಲಾಯಿತು. ತುದಿ ಸವೆದಿತ್ತು, ಆದರೆ ಸವೆತ ಮೊದಮೊದಲು ಜೋರಾಗಿದ್ದು ಬರಬರುತ್ತ ತಣ್ಣಗಾಗಿತ್ತು. ಎಂಜಿನ್ ನಡೆಯುತ್ತಲೇ ಇತ್ತು. ಆರ್ಕ್‌ಜೆಟ್ಟಿನ ಇತಿಹಾಸದಲ್ಲಿ ಯಾವ ಹೊಸ ಸಿದ್ಧಾಂತಕ್ಕಿಂತಲೂ ಈ ಬೇಸರದ ಸಾವಿರ ಗಂಟೆಗಳೇ ಮುಖ್ಯ.

ವಾಷಿಂಗ್ಟನ್ ರಾಜ್ಯದ ರೆಡ್ಮಂಡಿನ ರಾಕೆಟ್ ರಿಸರ್ಚ್ ಕಂಪನಿ ಇದನ್ನು ಮಾರಾಟಕ್ಕೆ ಯೋಗ್ಯವಾದ ಎಂಜಿನ್ನಾಗಿಸಿತು. 1993ರ ಡಿಸೆಂಬರ್‌ನಲ್ಲಿ ಅಮೆರಿಕದ ಎ.ಟಿ. ಅಂಡ್ ಟಿ. ಸಂಸ್ಥೆಯ ‘ಟೆಲ್‌ಸ್ಟಾರ್ 401’ ಉಪಗ್ರಹ ಅದನ್ನು ಹೊತ್ತು ಮೇಲೇರಿತು. ವಿದ್ಯುತ್ ಬಳಕೆ 1.8 ಕಿಲೋವ್ಯಾಟ್, ಅನಿಲದ ವೇಗ ಸೆಕೆಂಡಿಗೆ ಸುಮಾರು ಐದು ಕಿಲೋಮೀಟರ್. ನೂಕುಬಲವೋ, ಐದಾರು ಒಂದು ರೂಪಾಯಿ ನಾಣ್ಯಗಳ ತೂಕದಷ್ಟು. ಒಳಹೋದ ವಿದ್ಯುತ್ತಿನಲ್ಲಿ ಮೂರರಲ್ಲೊಂದು ಪಾಲು ಮಾತ್ರ ನೂಕಾಗಿ ಹೊರಬರುತ್ತಿತ್ತು. ಅನಿಲದ ಅಣುಗಳನ್ನು ಒಡೆಯಲು ತೆತ್ತ ಶಕ್ತಿ ಅವು ಮತ್ತೆ ಕೂಡುವ ಮೊದಲೇ ಮೂತಿಯಿಂದಾಚೆ ಪರಾರಿಯಾಗುವುದು ಇದಕ್ಕೆ ಮುಖ್ಯ ಕಾರಣ. ಆದರೂ ಲೆಕ್ಕ ಗೆದ್ದಿತು. ಮುಂದೆ ಲಾಕ್‌ಹೀಡ್ ಮಾರ್ಟಿನ್ ಕಂಪನಿಯ ‘ಎ2100’ ಮಾದರಿಯ ಹಲವಾರು ಸಂಪರ್ಕ ಉಪಗ್ರಹಗಳಲ್ಲಿ ಸುಧಾರಿತ ಆರ್ಕ್‌ಜೆಟ್‌ಗಳು ಸದ್ದಿಲ್ಲದೆ ದುಡಿದವು.

ಅರವತ್ತರ ದಶಕದ ದೊಡ್ಡ ಎಂಜಿನ್ನಿಗೂ ಒಂದು ಅವಕಾಶ ಬಂತು. ಅಮೆರಿಕದ ವಾಯುಪಡೆ 1999ರ ಫೆಬ್ರುವರಿಯಲ್ಲಿ ‘ಆರ್ಗಾಸ್’ ಎಂಬ ಉಪಗ್ರಹದಲ್ಲಿ 26 ಕಿಲೋವ್ಯಾಟಿನ ಅಮೋನಿಯಾ ಆರ್ಕ್‌ಜೆಟ್ಟನ್ನು ಕಳುಹಿಸಿತು. ಅಲ್ಲಿಯವರೆಗೆ ಅಂತರಿಕ್ಷಕ್ಕೆ ಹೋದ ವಿದ್ಯುತ್ ಎಂಜಿನ್ನುಗಳಲ್ಲೆಲ್ಲ ಅದೇ ಬಲಿಷ್ಠ. ಅಷ್ಟು ವಿದ್ಯುತ್ತು ಕೊಡುವ ಸೌರಫಲಕವಾಗಲಿ ರಿಯಾಕ್ಟರಾಗಲಿ ಆ ಉಪಗ್ರಹದಲ್ಲಿರಲಿಲ್ಲ. ಬ್ಯಾಟರಿಗಳನ್ನು ನಿಧಾನವಾಗಿ ತುಂಬಿಸಿ, ಕೆಲವೇ ನಿಮಿಷ ಎಂಜಿನ್ ಉರಿಸಿ, ಮತ್ತೆ ತುಂಬಿಸುವ ವ್ಯವಸ್ಥೆ. ಎಂಟು ಬಾರಿ, ಎಲ್ಲ ಸೇರಿ ಅರ್ಧ ಗಂಟೆಯ ಮೇಲೆ ಸ್ವಲ್ಪ ಹೊತ್ತು ಅದು ನಡೆಯಿತು, ಸೊಗಸಾಗಿಯೇ ನಡೆಯಿತು. ಆಮೇಲೆ ಬ್ಯಾಟರಿ ಕೆಟ್ಟಿತು.

ಜರ್ಮನಿಯ ಸ್ಟುಟ್‌ಗಾರ್ಟ್ ವಿಶ್ವವಿದ್ಯಾಲಯ ಕಟ್ಟಿದ 750 ವ್ಯಾಟಿನ ಆರ್ಕ್‌ಜೆಟ್ಟಿನ ಅದೃಷ್ಟವೂ ಹೆಚ್ಚೇನಿರಲಿಲ್ಲ. ಹವ್ಯಾಸಿ ರೇಡಿಯೊ ಬಳಗದವರ ಉಪಗ್ರಹದಲ್ಲಿ ಅದು 2000ದ ನವೆಂಬರ್‌ನಲ್ಲಿ ಹಾರಿತು. ಉಪಗ್ರಹದ ಮುಖ್ಯ ಎಂಜಿನ್ ಅವಘಡಕ್ಕೀಡಾದ ಮೇಲೆ, ಆರ್ಕ್ ಹೊತ್ತಿಸದೆ ಅಮೋನಿಯಾವನ್ನಷ್ಟೇ ಹೊರಬಿಟ್ಟು ಕಕ್ಷೆಯನ್ನು ತಿದ್ದಲು ಅದನ್ನು ಬಳಸಿಕೊಳ್ಳಲಾಯಿತು.

ಅಷ್ಟು ಹೊತ್ತಿಗೆ ಬೇರೆ ವಿದ್ಯುತ್ ಎಂಜಿನ್ನುಗಳು ಮುಂದೆ ಸಾಗಿದ್ದವು. ಸೋವಿಯತ್ ಒಕ್ಕೂಟ ಎಪ್ಪತ್ತರ ದಶಕದಿಂದಲೇ ಹಾರಿಸಿ ಪಳಗಿಸಿದ್ದ ಹಾಲ್ ಎಂಜಿನ್ನಿನಲ್ಲಿ ಅನಿಲವನ್ನು ಕಾಯಿಸುವ ಗೊಡವೆಯೇ ಇಲ್ಲ. ಝೆನಾನ್ ಅಯಾನುಗಳನ್ನು ವಿದ್ಯುತ್ ಕ್ಷೇತ್ರವೇ ನೇರವಾಗಿ ಹೊರಗೆ ಸೆಳೆದೆಸೆಯುತ್ತದೆ. ವೇಗ ಸೆಕೆಂಡಿಗೆ ಹದಿನೈದು ಕಿಲೋಮೀಟರಿನಷ್ಟು. ಬೆಂಗಳೂರಿನಲ್ಲಿ ರೂಪುಗೊಂಡು 2017ರ ಮೇ ತಿಂಗಳಲ್ಲಿ ಹಾರಿದ ಜಿಸ್ಯಾಟ್-9 ಉಪಗ್ರಹದಲ್ಲಿ ಇಸ್ರೊ ಅಳವಡಿಸಿಕೊಂಡದ್ದೂ ಝೆನಾನ್ ಬಳಸುವ ವಿದ್ಯುತ್ ಎಂಜಿನ್ನನ್ನೇ, ಆರ್ಕ್‌ಜೆಟ್ಟನ್ನಲ್ಲ. ನಮ್ಮಲ್ಲಿ ಆರ್ಕಿನ ಉರಿಗೆ ಕೆಲಸವಿರುವುದು ನೆಲದ ಮೇಲೆ. ವಾತಾವರಣಕ್ಕೆ ಮರಳುವ ನೌಕೆಗಳ ಶಾಖಕವಚವನ್ನು ಪರೀಕ್ಷಿಸುವ ತಿರುವನಂತಪುರದ ಪ್ಲಾಸ್ಮಾ ಸುರಂಗದಲ್ಲಿ ಅದು ತನ್ನ ಐವತ್ತರ ದಶಕದ ಹಳೆಯ ಕಸುಬನ್ನೇ ಮುಂದುವರಿಸಿದೆ.

ಇನ್ನು ಟೆಲ್‌ಸ್ಟಾರ್ 401ರ ವಿಚಾರ. ಹತ್ತು ವರ್ಷಕ್ಕೂ ಮಿಕ್ಕಿ ಬಾಳಬೇಕಾಗಿದ್ದ ಅದು 1997ರ ಜನವರಿ 11ರಂದು ಇದ್ದಕ್ಕಿದ್ದಂತೆ ಮೌನವಾಯಿತು. ಕೆಲವು ದಿನಗಳ ಹಿಂದೆ ಸೂರ್ಯನಿಂದ ಹೊರಟ ಕಣಗಳ ಬಿರುಗಾಳಿ ಆಗಷ್ಟೇ ಭೂಮಿಗೆ ಅಪ್ಪಳಿಸಿತ್ತು. ಅದೇ ಕಾರಣವಿರಬೇಕೆಂಬುದು ಹಲವರ ಅನುಮಾನ. ಆರ್ಕ್‌ಜೆಟ್ಟಿನ ಮೇಲೆ ಯಾರೂ ಬೊಟ್ಟು ಮಾಡಲಿಲ್ಲ. ಉಪಗ್ರಹ ಈಗಲೂ ಅದೇ ಎತ್ತರದಲ್ಲಿ, ಪಶ್ಚಿಮ ರೇಖಾಂಶ 105 ಡಿಗ್ರಿಯ ಆಚೀಚೆ ನಿಧಾನವಾಗಿ ತೂಗಾಡುತ್ತಿದೆ. ಆಯುಷ್ಯದ ಬಹುಪಾಲು ಬಾಕಿಯಿರುವಾಗಲೇ ಸತ್ತದ್ದರಿಂದ, ಆರ್ಕ್‌ಜೆಟ್‌ಗಳು ಉಳಿಸಿಕೊಟ್ಟ ಹೈಡ್ರಜೀನ್ ಅದರ ತೊಟ್ಟಿಗಳಲ್ಲಿ ಇನ್ನೂ ಸಾಕಷ್ಟು ಇರಲೇಬೇಕು.